ಕ್ಯಾನ್ವಾಸ್ ಮಡಿಕೆಯಲ್ಲಿ ಬಿಳಿ ಗೆರೆ ಏಕೆ ಬರುತ್ತದೆ?

ಪ್ರಶ್ನೆ: ಅಜ್ಜಿಯ ಹಳೆಯ ಫೋಟೊವನ್ನು ಮನೆಯ ಪ್ರಿಂಟರಿನಲ್ಲೇ ಕ್ಯಾನ್ವಾಸ್ ಮೇಲೆ ಮುದ್ರಿಸಿ, ಅದೇ ಸಂಜೆ 1.5 ಇಂಚು ದಪ್ಪದ ಮರದ ಚೌಕಟ್ಟಿಗೆ ಎಳೆದು ಬಿಗಿದೆ. ಪ್ರಿಂಟರಿನ ಅಗಲ 13 ಇಂಚು, ಇಂಕ್ ಪಿಗ್ಮೆಂಟ್ ಬಗೆಯದು (ಬಣ್ಣ ಕರಗದೆ ಸಣ್ಣ ಕಣಗಳಾಗಿರುವಂಥದ್ದು). ಈಗ ಮಡಿಕೆಯುದ್ದಕ್ಕೂ ಬಣ್ಣ ಬಿರಿದು ಬಿಳಿ ಕಾಣುತ್ತಿದೆ, ಮೂಲೆಗಳಲ್ಲಿ ಸುಕ್ಕು ನಿಂತಿದೆ. ಎಲ್ಲಕ್ಕಿಂತ ಬೇಸರವೆಂದರೆ ಅಜ್ಜಿಯ ಒಂದು ಭುಜ ಚೌಕಟ್ಟಿನ ಪಕ್ಕಕ್ಕೆ ತಿರುಗಿ ಹೋಗಿದೆ. ಏನು ಮಾಡಲಿ?

ಉತ್ತರ: ಬಿರುಕನ್ನು ಮುಚ್ಚಬಹುದು. ಭುಜಕ್ಕಾಗಿ ಮಾತ್ರ ಇನ್ನೊಮ್ಮೆ ಮುದ್ರಿಸಲೇಬೇಕು. ಹಾಗಾಗಿ ಮೊದಲು ಅಳತೆಯ ವಿಷಯಕ್ಕೆ ಬರುತ್ತೇನೆ.

ಚೌಕಟ್ಟಿನ ಪಕ್ಕವನ್ನು ಮುಚ್ಚಲು 1.5 ಇಂಚು, ಹಿಂದಕ್ಕೆ ಮಡಚಿ ಪಿನ್ ಹೊಡೆಯಲು ಮುಕ್ಕಾಲು ಇಂಚು: ಒಂದೊಂದು ಬದಿಗೂ 2.25 ಇಂಚು ಬಟ್ಟೆ ಬೇಕು. ಎರಡು ಬದಿ ಸೇರಿದರೆ 4.5. ಅಂದರೆ 13 ಇಂಚಿನ ಪ್ರಿಂಟರಿನಲ್ಲಿ ಎದುರಿಗೆ ಕಾಣುವ ಚಿತ್ರದ ಅಗಲ 8.5 ಇಂಚು ಮೀರುವಂತಿಲ್ಲ. 8×12 ಇಂಚಿನ ಚಿತ್ರಕ್ಕೆ 12.5×16.5 ಇಂಚಿನ ತುಂಡು ಸಾಕು. ಇನ್ನೂ ದೊಡ್ಡದು ಬೇಕೆಂದರೆ ಮುಕ್ಕಾಲು ಇಂಚು ದಪ್ಪದ ಚೌಕಟ್ಟು ಆರಿಸಿ, ಆಗ 10 ಇಂಚಿನವರೆಗೂ ಹೋಗಬಹುದು.

ಪಕ್ಕಕ್ಕೆ ಬೇಕಾದ ಬಣ್ಣವನ್ನು ಮೂಲಚಿತ್ರದಿಂದ ಕಡಿಯಬೇಡಿ. ಫೋಟೊ ತಿದ್ದುವ ತಂತ್ರಾಂಶದಲ್ಲಿ ನಾಲ್ಕೂ ಅಂಚಿನ 1.5 ಇಂಚಿನ ಪಟ್ಟಿಯನ್ನು ನಕಲಿಸಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಹೊರಗಡೆ ಜೋಡಿಸಿ. ಮುಖ, ಕೈ ಅಂಚಿಗೆ ತೀರ ಹತ್ತಿರವಿದ್ದರೆ ಕನ್ನಡಿ ಪಟ್ಟಿ ವಿಚಿತ್ರವಾಗಿ ಕಾಣುತ್ತದೆ. ಅಂಥ ಚಿತ್ರಕ್ಕೆ ಒಂದೇ ಗಾಢ ಬಣ್ಣದ ಅಂಚೇ ಚೆಂದ. ಅಜ್ಜಿಯ ಫೋಟೊಗೆ ನಾನಾದರೆ ಅದನ್ನೇ ಮಾಡುತ್ತೇನೆ.

ಇನ್ನು ಬಿರುಕು. ಕ್ಯಾನ್ವಾಸಿನ ಬಿಳಿ ಲೇಪನದ ಮೇಲೆ ಇಂಕ್ ಕೂತಿರುತ್ತದೆ, ನೂಲಿನೊಳಕ್ಕೆ ಇಳಿದಿರುವುದಿಲ್ಲ. ಮಡಚಿ ಎಳೆದಾಗ ಬಟ್ಟೆ ಹಿಗ್ಗುತ್ತದೆ, ಮೇಲಿನ ಪದರ ಅಷ್ಟು ಹಿಗ್ಗದೆ ಬಿರಿಯುತ್ತದೆ. ಅದೇ ಸಂಜೆ ಬಿಗಿದದ್ದೇ ನಿಮಗೆ ಮುಳುವಾಯಿತು. ಮುದ್ರಿಸಿದ ಮೇಲೆ ಕನಿಷ್ಠ 24 ಗಂಟೆ ಹರಡಿಟ್ಟು ಒಣಗಲು ಬಿಡಿ. ಆಮೇಲೆ ನೀರು ಬೆರೆಯುವ ಆಕ್ರಿಲಿಕ್ ವಾರ್ನಿಷನ್ನು ಫೋಮ್ ರೋಲರಿನಿಂದ ತೆಳುವಾಗಿ ಎರಡು ಸಲ ಹಚ್ಚಿ, ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡವಾಗಿ. ಒಂದೇ ಸಲ ದಪ್ಪಗೆ ಬಳಿದರೆ ಆ ವಾರ್ನಿಷೇ ಒಡೆಯುತ್ತದೆ. ಡೈ ಇಂಕ್, ಅಂದರೆ ಬಣ್ಣ ದ್ರವದಲ್ಲೇ ಕರಗಿರುವ ಇಂಕ್ ಇರುವವರು ನೀರಿನ ವಾರ್ನಿಷ್ ಮುಟ್ಟಬಾರದು, ಬಣ್ಣ ಹರಡೀತು. ಅವರಿಗೆ ಗಾಳಿಯಾಡುವ ಕಡೆ ನಿಂತು ಹೊಡೆಯುವ ಸ್ಪ್ರೇ ವಾರ್ನಿಷ್ ಸರಿ. ಏನೇ ಹಚ್ಚುವ ಮುನ್ನ ಉಳಿದ ತುಂಡೊಂದರ ಮೇಲೆ ಪರೀಕ್ಷಿಸಿ, ಅದನ್ನು ಮಡಚಿಯೂ ನೋಡಿ.

ಚೌಕಟ್ಟಿನ ಹೊರ ಅಂಚು ಚೂಪಾಗಿದ್ದರೆ ಉಪ್ಪುಕಾಗದದಿಂದ ಉಜ್ಜಿ ಮೊಂಡು ಮಾಡಿ. ಎರಡೂ ಕರ್ಣಗಳ ಅಳತೆ ಒಂದೇ ಇದೆಯೇ ನೋಡಿ, ಇಲ್ಲದಿದ್ದರೆ ಚೌಕಟ್ಟು ಸೊಟ್ಟಗಿದೆ ಎಂದೇ ಅರ್ಥ. ಕ್ಯಾನ್ವಾಸನ್ನು ಶುಭ್ರ ಬಟ್ಟೆಯ ಮೇಲೆ ಬೋರಲು ಹಾಕಿ, ಉದ್ದದ ಬದಿಯ ನಟ್ಟನಡುವೆ ಒಂದು ಪಿನ್, ಅದರ ಎದುರು ಬದಿಯಲ್ಲಿ ಇನ್ನೊಂದು, ಹಾಗೆಯೇ ಅಗಲದ ಬದಿಗಳಿಗೂ. ನಡುವಿನಿಂದ ಮೂಲೆಯ ಕಡೆಗೆ, ಎದುರುಬದುರಾಗಿ ಸಾಗಿ. ನಿಮ್ಮ ಸುಕ್ಕು ನೋಡಿದರೆ ಮೂಲೆಯಿಂದ ಶುರು ಮಾಡಿರಬೇಕು. ಆಗ ನಡುವೆ ಉಳಿದ ಸಡಿಲ ಬಟ್ಟೆಗೆ ಹೋಗಲು ದಾರಿಯೇ ಇರುವುದಿಲ್ಲ.

ತಮಟೆಯಂತೆ ಬಿಗಿಯಬೇಕೆಂಬ ಮಾತನ್ನು ಮರೆತುಬಿಡಿ. ಅದು ಬಣ್ಣ ಬಳಿಯುವ ಮೊದಲು ಕಲಾವಿದರು ಬಿಗಿಯುವ ಬರಿಯ ಕ್ಯಾನ್ವಾಸಿಗೆ ಸಲ್ಲುವ ಮಾತು. ಮುದ್ರಿಸಿದ್ದಕ್ಕೆ ಸುಕ್ಕು ಮಾಯವಾಗುವಷ್ಟು ಬಿಗಿ ಸಾಕು. ಅಗಲ ಬಾಯಿಯ ಕ್ಯಾನ್ವಾಸ್ ಇಕ್ಕಳವಿದ್ದರೆ ಎಳೆತ ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಮೂಲೆಯ ಬಟ್ಟೆಯನ್ನು ಕತ್ತರಿಸದೆ ಒಳಕ್ಕೆ ಮಡಚಿ, ಮಡಿಕೆಯ ಗೆರೆ ಚಿತ್ರದ ಮೇಲ್ಬದಿ ಕೆಳಬದಿಗೆ ಬರುವಂತೆ ನೋಡಿಕೊಳ್ಳಿ. ಗೋಡೆಗೆ ತೂಗಿದಾಗ ಪಕ್ಕದಿಂದ ನೋಡುವವರ ಕಣ್ಣಿಗೆ ಅದು ಬೀಳದು.

ಈಗಿರುವ ಬಿರುಕಿಗೆ ಅದೇ ಛಾಯೆಯ ಆಕ್ರಿಲಿಕ್ ಬಣ್ಣವನ್ನು ಸಣ್ಣ ಕುಂಚದಿಂದ ಗೆರೆಯೊಳಗಷ್ಟೇ ತುಂಬಿ. ಅಂಚಿನಾಚೆ ಹರಡಿದರೆ ಕಲೆಯಂತೆ ಕಾಣುತ್ತದೆ. ಒಣಗಿದ ಮೇಲೆ ತೆಳುವಾಗಿ ವಾರ್ನಿಷ್ ಹಚ್ಚಿ.

ಪ್ರಶ್ನೆ: ಕ್ಯಾನ್ವಾಸ್ ಮುದ್ರಿಸುವಾಗ ಅಂಚಿನಲ್ಲಿ ಕಪ್ಪು ಗೀರುಗಳು ಬೀಳುತ್ತವೆ. ಪ್ರಿಂಟರ್ ಕೆಟ್ಟಿದೆಯೇ?

ಉತ್ತರ: ಬಹುಶಃ ಇಲ್ಲ. ಸುರುಳಿಯಿಂದ ಕತ್ತರಿಸಿದ ಕ್ಯಾನ್ವಾಸಿನ ತುದಿ ಮೇಲಕ್ಕೆ ಬಾಗಿ, ಇಂಕ್ ಚಿಮ್ಮಿಸುವ ಭಾಗವಾದ ಹೆಡ್ಡಿಗೆ ತಾಗುತ್ತಿರುತ್ತದೆ. ತುಂಡನ್ನು ಒಂದು ರಾತ್ರಿ ಭಾರದಡಿ ಚಪ್ಪಟೆಯಾಗಿಡಿ, ಹಿಂಬದಿಯಿಂದ ನೇರವಾಗಿ ತೂರಿಸಿ, ಪ್ರಿಂಟರಿನ ಆಯ್ಕೆಗಳಲ್ಲಿ ದಪ್ಪ ಕಾಗದವೆಂದು ಸೂಚಿಸಿ. ಹೆಡ್ಡಿಗೂ ಬಟ್ಟೆಗೂ ನಡುವಿನ ಅಂತರ ಹೆಚ್ಚುತ್ತದೆ. ಹೀಗೆ ತಾಗುತ್ತಲೇ ಇದ್ದರೆ ಹೆಡ್ ನಿಜಕ್ಕೂ ಹಾಳಾದೀತು, ಗೀರು ಕಂಡ ಕೂಡಲೇ ಮುದ್ರಣ ನಿಲ್ಲಿಸಿ.