ಮೂರು ರಾಜರಿಗೆ ಕಂದಾಯ ಕಟ್ಟಿದ ಸರೋವರ

ಹೋದ ತಿಂಗಳ ಸಂಚಿಕೆಯಲ್ಲಿ ಫಿನ್ಲೆಂಡಿನ ಉತ್ತರ ತುದಿಯ ಇನಾರಿ ಸರೋವರದ ಬಗ್ಗೆ ಒಂದೂವರೆ ಪುಟ ಬರೆದಿದ್ದೆ. ಮಗಳ ಮನೆಗೆಂದು ಹೋಗಿ, ವೀಸಾ ಕೊಟ್ಟ 90 ದಿನದಲ್ಲಿ 88 ದಿನ ಅಲ್ಲೇ ಕೂತು ಬಂದವಳು ನಾನು; ಮಾರ್ಚ್ 10ರಿಂದ ಜೂನ್ ಮೊದಲ ವಾರದ ತನಕ. ಸಂಪಾದಕರು ಒಂದು ಕಟ್ಟು ಪತ್ರ ಕಳಿಸಿ ‘ನೀವೇ ಉತ್ತರಿಸಿ’ ಎಂದಿದ್ದಾರೆ. ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದವಳಿಗೆ ಪ್ರಶ್ನೆಗಳೆಂದರೆ ಈಗಲೂ ಖುಷಿ. ಒಂದೇ ಪ್ರಶ್ನೆಯನ್ನು ಹತ್ತು ಜನ ಕೇಳಿದ್ದರೆ ಒಮ್ಮೆ ಮಾತ್ರ ತೆಗೆದುಕೊಂಡಿದ್ದೇನೆ.

*ಪ್ರಶ್ನೆ: ಅಲ್ಲಿನವರನ್ನು ‘ಹಿಮಸಾರಂಗ ಸಾಕುವ ಜನ’ ಎಂದು ಬರೆದಿದ್ದೀರಿ. ಎಲ್ಲರೂ ಅದನ್ನೇ ಸಾಕುತ್ತಾರೆಯೆ? ತಿನ್ನುವುದೇನು?*

ಸಿಕ್ಕಿಬಿದ್ದೆ. ತಪ್ಪು ನನ್ನದೇ. ಸಾಮಿಗಳೆಂದರೆ ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯಾಗಳ ಉತ್ತರ ತುದಿಯ ಮೂಲನಿವಾಸಿಗಳು. ಸಾಮಿ ಜನ ಎಂದ ಕೂಡಲೇ ಹಿಮಸಾರಂಗ, ಜಾರುಬಂಡಿ ಎಂದು ಬರೆದುಬಿಡುವುದು ಪ್ರವಾಸಿ ಕರಪತ್ರ ಓದಿದವರ ಚಟ. ಹಿಮಸಾರಂಗದ ದೊಡ್ಡ ಹಿಂಡು ಕಟ್ಟಿಕೊಂಡು ತಿರುಗಿದವರು ಉತ್ತರ ಸಾಮಿಗಳು. ಇನಾರಿ ಸಾಮಿಗಳು ಮೂಲತಃ ಮೀನುಗಾರರು. ನಾಲ್ಕಾರು ಹಿಮಸಾರಂಗ ಇಟ್ಟುಕೊಂಡಿರುತ್ತಿದ್ದರು, ಬಂಡಿ ಎಳೆಯಲು. ಅನ್ನ ಮಾತ್ರ ನೀರಿನಿಂದ. ಬೇಸಿಗೆಯಲ್ಲಿ ಸರೋವರದ ದಡ ಮತ್ತು ದ್ವೀಪಗಳಲ್ಲಿ, ಚಳಿಗಾಲದಲ್ಲಿ ಉರುವಲೂ ಹಿಮಸಾರಂಗಕ್ಕೆ ಕಲ್ಲುಹೂವೂ ಸಿಗುವ ಕಾಡಿನೊಳಗೆ, ಹೀಗೆ ಮನೆ ಬದಲಿಸುತ್ತ ಬದುಕಿದವರು.

ಸರೋವರ ಸಣ್ಣದಲ್ಲ. ವಿಸ್ತೀರ್ಣ ಸುಮಾರು 1,040 ಚದರ ಕಿಲೋಮೀಟರ್, ಒಳಗೆ 3,000ಕ್ಕೂ ಹೆಚ್ಚು ದ್ವೀಪಗಳು. ನವೆಂಬರಿನಲ್ಲಿ ಹೆಪ್ಪುಗಟ್ಟಿದರೆ ಪೂರ್ತಿ ಕರಗುವುದು ಜೂನ್‌ನಲ್ಲಿ. ಹಾಗಾದರೆ ಏಳು ತಿಂಗಳು ಮೀನು ಹಿಡಿಯುವುದು ಹೇಗೆ? ಇದನ್ನು ನಾನು ಪಕ್ಕದ ಮನೆಯ ಅಜ್ಜಿಯ ಬೆನ್ನಿಗೆ ಬಿದ್ದು ನೋಡಿದೆ. ಎಪ್ಪತ್ತೆಂಟು ವಯಸ್ಸು, ನನಗಿಂತ ಗಟ್ಟಿ. ಬೈರಿಗೆಯಿಂದ ಮಂಜುಗಡ್ಡೆಯಲ್ಲಿ ಒಂದು ತೂತು, ಬಲೆಯ ಉದ್ದದಷ್ಟು ದೂರದಲ್ಲಿ ಇನ್ನೊಂದು. ಮೊದಲ ತೂತಿನಿಂದ ಒಂದು ಹಲಗೆಯನ್ನು ಒಳಗೆ ತೂರಿಸುತ್ತಾರೆ. ಅದು ಗಡ್ಡೆಯ ತಳಕ್ಕೆ ಅಂಟಿಕೊಂಡು ತೇಲುತ್ತದೆ. ಹಗ್ಗ ಜಗ್ಗಿದಾಗಲೆಲ್ಲ ಹಲಗೆಯ ಕಬ್ಬಿಣದ ಕೈ ಗಡ್ಡೆಯನ್ನು ಒದ್ದು ಮುಂದಕ್ಕೆ ಸಾಗುತ್ತದೆ. ಮೇಲಿನಿಂದ ಕಿವಿಗೊಟ್ಟು ‘ಟಕ್, ಟಕ್’ ಸದ್ದು ಹಿಂಬಾಲಿಸಬೇಕು. ಹಲಗೆ ಇರುವ ಜಾಗದಲ್ಲಿ ತೂತು ಕೊರೆದು ಹಗ್ಗ ಎತ್ತಿದರೆ, ನೀರಿನಡಿ ದಾರಿ ಆಯಿತು. ಹಲಗೆ ಬರುವ ಮೊದಲು ಉದ್ದದ ಗಳುವನ್ನು ತೂತಿನಿಂದ ತೂತಿಗೆ ದೂಡುತ್ತಿದ್ದರಂತೆ.

ಒಮ್ಮೆ ಬಲೆ ಬಿಟ್ಟರೆ ಆಮೇಲೆ ಸುಲಭ. ಒಂದು ತುದಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯಿಂದ ಬಲೆ ಎಳೆದು, ಮೀನು ಬಿಡಿಸಿಕೊಂಡು, ಹಗ್ಗದಿಂದ ಬಲೆಯನ್ನು ಮತ್ತೆ ಒಳಗೆ ಜಗ್ಗುವುದು. ನನಗೆ ಕೊಟ್ಟ ಕೆಲಸ ಈ ಹಗ್ಗ ಜಗ್ಗುವುದೇ. ಅಜ್ಜಿ ಬರಿಗೈಯಲ್ಲಿ ಮೀನು ಬಿಡಿಸುತ್ತಿದ್ದರು. ನಾನು ಎರಡು ಜೊತೆ ಕೈಗವಸಿನೊಳಗೂ ಬೆರಳು ಇದೆಯೋ ಇಲ್ಲವೋ ಎಂದು ಎಣಿಸುತ್ತಿದ್ದೆ. ಹೊರಬಂದ ಸೀಕಾ ಎಂಬ ಬಿಳಿ ಮೀನು ಹಿಮದ ಮೇಲೆ ನಾಲ್ಕು ಸಲ ಬಡಿದುಕೊಂಡು ಕಟ್ಟಿಗೆಯಾಗುತ್ತದೆ. (ನಾನು ಸಸ್ಯಾಹಾರಿ. ಪ್ರತಿ ಸಲವೂ ಒಂದು ಮೀನನ್ನು ನನ್ನ ಪಾಲೆಂದು ತೆಗೆದಿಟ್ಟರು. ಪ್ರತಿ ಸಲವೂ ಅದು ಮಗಳ ಪಾಲಾಯಿತು.)

ತಿನ್ನುವುದು ಇನ್ನೇನು ಎಂದರೆ, ಗಿಣ್ಣಿನಂಥ ಒಂದು ಚೀಸನ್ನು ಚೂರು ಮಾಡಿ ಕಪ್ಪಿಗೆ ಹಾಕಿ ಮೇಲೆ ಬಿಸಿ ಕಾಫಿ ಹೊಯ್ಯುತ್ತಾರೆ. ಮೊದಲು ಕುಡಿದು ಆಮೇಲೆ ಚಮಚದಿಂದ ತಿನ್ನುವುದು. ಮೂಗು ಮುರಿಯಬೇಡಿ, ಚೆನ್ನಾಗಿರುತ್ತದೆ.

*ಪ್ರಶ್ನೆ: ‘ಲ್ಯಾಪ್’ ಎಂದರೂ ‘ಸಾಮಿ’ ಎಂದರೂ ಒಂದೇ ಅಲ್ಲವೆ?*

ಜನ ಒಂದೇ, ಮಾತು ಒಂದೇ ಅಲ್ಲ. ‘ಲ್ಯಾಪ್’ ಹೊರಗಿನವರು ಇಟ್ಟ ಹೆಸರು, ಹೀಗಳೆಯಲು ಬಳಕೆಯಾದದ್ದು. ಸಾಮಿ ಎನ್ನಿ.

*ಪ್ರಶ್ನೆ: ಆ ಕಾಡಿಗೆ ಇತಿಹಾಸ ಎಂಬುದೇನಾದರೂ ಇದೆಯೆ?*

ಈ ಪ್ರಶ್ನೆಯ ಧಾಟಿ ನನಗೆ ಹಿಡಿಸಲಿಲ್ಲ, ಆದರೂ ಉತ್ತರಿಸುತ್ತೇನೆ. ಗಡಿಗೆರೆ ಇಲ್ಲದ ಕಾಲದಲ್ಲಿ ಇನಾರಿಯ ಮೇಲೆ ಮೂರು ಆಳರಸರಿಗೆ ಕಣ್ಣಿತ್ತು: ಸ್ವೀಡನ್, ಡೆನ್ಮಾರ್ಕ್-ನಾರ್ವೆ, ರಷ್ಯಾ. ಮೂವರ ಕಂದಾಯದವರೂ ಬರುತ್ತಿದ್ದರು. ಅದೇ ಸಂಸಾರ, ಅದೇ ಬಲೆ, ತೆರಿಗೆ ಮಾತ್ರ ಮೂರು. ತುಪ್ಪುಳ ಚರ್ಮ, ಒಣಮೀನು. 1751ರಲ್ಲಿ ಸ್ವೀಡನ್ ಮತ್ತು ಡೆನ್ಮಾರ್ಕ್-ನಾರ್ವೆ ಗಡಿ ಎಳೆದುಕೊಂಡ ಮೇಲೆ ಇನಾರಿ ಸ್ವೀಡನ್ನಿನದಾಯಿತು. ಅದರ ಬೆನ್ನಲ್ಲೇ, 1752ರಿಂದ 1760ರ ನಡುವೆ, ಪಿಯೆಲ್ಪಾಯಾರ್ವಿ ಎಂಬ ಚಿಕ್ಕ ಕೆರೆಯ ಬಳಿ ಮರದ ಇಗರ್ಜಿ ಕಟ್ಟಿದರು. ಈಗಲೂ ಅಲ್ಲಿಗೆ ಮೋಟಾರು ರಸ್ತೆ ಇಲ್ಲ, ನಾಲ್ಕೈದು ಕಿಲೋಮೀಟರ್ ಕಾಡುದಾರಿ ನಡೆಯಬೇಕು. ಬೀಗ ಹಾಕಿರಲಿಲ್ಲ. ಒಳಗೆ ಬಣ್ಣವಿಲ್ಲದ ಬೆಂಚುಗಳು, ಹೊರಗಿಗಿಂತ ಹೆಚ್ಚು ಚಳಿ. 1809ರಲ್ಲಿ ಫಿನ್ಲೆಂಡ್ ಪೂರ್ತಿ ರಷ್ಯಾದ ಕೈಗೆ ಹೋಯಿತು, 1917ರಲ್ಲಿ ಸ್ವತಂತ್ರವಾಯಿತು.

ದಾಖಲೆಯ ಬಗ್ಗೆ ಕೇಳುವವರಿಗೆ ಸ್ಕೋಲ್ಟ್ ಸಾಮಿಗಳ ಕಥೆ ಹೇಳಬೇಕು. ಇವರು ಪೂರ್ವದ ಪೆಟ್ಸಾಮೋ ಸೀಮೆಯವರು, ಆರ್ಥೊಡಾಕ್ಸ್ ಕ್ರೈಸ್ತರು. 1944ರಲ್ಲಿ ಆ ಸೀಮೆ ಸೋವಿಯತ್ ಒಕ್ಕೂಟದ ಪಾಲಾದಾಗ ಮನೆಮಠ ಬಿಟ್ಟು ಬಂದು, ಕೊನೆಗೆ ಇನಾರಿ ಸರೋವರದ ಆಚೀಚೆಯ ನೆಲ್ಲಿಮ್, ಸೆವೆಟ್ಟಿಯಾರ್ವಿ ಕಡೆ ನೆಲೆಯಾದರು. ಮೀನು ಹಿಡಿಯುವ ನೀರು, ನೆಲ ಹಳ್ಳಿಯವರದೇ ಎಂದು ರಷ್ಯಾದ ತ್ಸಾರ್ ದೊರೆಗಳು ಕೊಟ್ಟ ಪತ್ರಗಳನ್ನು ಸುಯೆನ್ಯೆಲ್ ಎಂಬ ಅವರ ಹಳ್ಳಿ ಮರದ ಪೆಟ್ಟಿಗೆಯಲ್ಲಿಟ್ಟು ತಲೆತಲಾಂತರ ಕಾಪಾಡಿತ್ತು. ಎಲ್ಲಕ್ಕಿಂತ ಹಳೆಯದು 1601ರದು. ಒಂದಕ್ಕೊಂದು ಅಂಟಿಸಿದ ಸುರುಳಿ ಹತ್ತಿರ ಹತ್ತಿರ ಒಂಬತ್ತು ಮೀಟರ್! 2015ರಲ್ಲಿ ಯುನೆಸ್ಕೋ ಅದನ್ನು ‘ಜಗತ್ತಿನ ನೆನಪು’ ಪಟ್ಟಿಗೆ ಸೇರಿಸಿತು. ಓದುಬರಹ ಕಡಿಮೆ ಇದ್ದ ಊರು ಕಾಗದದ ಬೆಲೆಯನ್ನು ನಮ್ಮ ಎಷ್ಟೋ ಕಚೇರಿಗಳಿಗಿಂತ ಚೆನ್ನಾಗಿ ಅರಿತಿತ್ತು.

*ಪ್ರಶ್ನೆ: 400 ಜನ ಮಾತಾಡುವ ಇನಾರಿ ಸಾಮಿ ಭಾಷೆಯನ್ನು ಉಳಿಸಿ ಏನು ಉಪಯೋಗ? ನೀವು ಭಾಷೆ ಕಲಿಸಿದವರು, ಹೇಳಿ.*

ಉಪಯೋಗ ಏನೆಂದು ಗೊತ್ತಿಲ್ಲ. ಉಳಿಸಿದ್ದು ಹೇಗೆಂದು ಹೇಳಬಲ್ಲೆ.

ಇನಾರಿ ಆಡಳಿತದಲ್ಲಿ ನಾಲ್ಕು ಭಾಷೆ ನಡೆಯುತ್ತದೆ: ಫಿನ್ನಿಶ್, ಉತ್ತರ ಸಾಮಿ, ಸ್ಕೋಲ್ಟ್ ಸಾಮಿ, ಇನಾರಿ ಸಾಮಿ. ಕೊನೆಯದು ಈ ಸರೋವರದ ಸುತ್ತ ಬಿಟ್ಟರೆ ಇನ್ನೆಲ್ಲೂ ಹುಟ್ಟಿದ ಮಾತಲ್ಲ. 1920ರಲ್ಲಿ ಸ್ಪ್ಯಾನಿಶ್ ಜ್ವರ ಬಂದು ಊರಿನ ಹತ್ತಿರ ಹತ್ತಿರ ಹತ್ತರಲ್ಲೊಬ್ಬರನ್ನು ಕೊಂಡೊಯ್ದಿತು. ತಂದೆತಾಯಿ ಕಳಕೊಂಡ ಮಕ್ಕಳು ಅನಾಥಾಲಯ ಸೇರಿದರು. ಅಲ್ಲಿ ಮಾತು ಫಿನ್ನಿಶ್. ಆಮೇಲೆ ಶಾಲೆಯ ವಸತಿಗೃಹಗಳು, ಅಲ್ಲೂ ಫಿನ್ನಿಶ್. 1990ರ ದಶಕಕ್ಕೆ ಬರುವಾಗ ಆ ಮಾತಾಡುವ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದಿತ್ತು.

1997ರಲ್ಲಿ ಅವರು ‘ಭಾಷೆಯ ಗೂಡು’ ತೆರೆದರು. ನ್ಯೂಜಿಲೆಂಡಿನ ಮಾವೊರಿಗಳಿಂದ ಕಲಿತ ಉಪಾಯ. ಶಾಲೆಗೆ ಹೋಗದ ಪುಟಾಣಿಗಳನ್ನು ಇಡೀ ದಿನ ನೋಡಿಕೊಳ್ಳುವ ಮನೆ. ಪಾಠ ಇಲ್ಲ, ವ್ಯಾಕರಣ ಇಲ್ಲ. ಊಟ, ಜಗಳ, ಚಪ್ಪಲಿ ಹುಡುಕುವುದು, ಎಲ್ಲವೂ ಇನಾರಿ ಸಾಮಿಯಲ್ಲೇ. ಮಕ್ಕಳು ಕಲಿತರು. ಆಗ ಇನ್ನೊಂದು ತೊಡಕು ಎದುರಾಯಿತು: ಮಾತು ಬಲ್ಲವರು ಮುದುಕರು, ಕಲಿತವರು ಕೂಸುಗಳು, ನಡುವಿನ ತಲೆಮಾರು ಖಾಲಿ. ಗೂಡಿನ ದಾದಿಯರು, ಶಾಲೆಯ ಮೇಷ್ಟರು ಎಲ್ಲಿಂದ ಬರಬೇಕು? 2009-10ರಲ್ಲಿ 17 ಮಂದಿ ದೊಡ್ಡವರನ್ನು ಒಂದು ವರ್ಷ ಕೂರಿಸಿ ಭಾಷೆ ಕಲಿಸಿದರು. ತರಗತಿಯಷ್ಟೇ ಅಲ್ಲ, ಅಜ್ಜ ಅಜ್ಜಿಯರ ಮನೆಗೆ ಹೋಗಿ ಅವರ ಜೊತೆ ಬಲೆ ಹಾಕುತ್ತ, ಅಡುಗೆ ಮಾಡುತ್ತ ಮಾತು ಹಿಡಿಯುವುದು. ಮೂವತ್ತೊಂದು ವರ್ಷ ಕರಿಹಲಗೆಯ ಮುಂದೆ ಗಂಟಲು ಹರಿದುಕೊಂಡವಳಿಗೆ ಇದನ್ನು ಕೇಳಿ ಸ್ವಲ್ಪ ಹೊಟ್ಟೆಯೂ ಉರಿಯಿತು.

ಆ ಖಾಲಿ ಜಾಗವನ್ನು ನಾನು ಊಟದ ಮೇಜಿನಲ್ಲೇ ಕಂಡೆ. ಪಕ್ಕದ ಮನೆಯ ಅಜ್ಜಿ ಮತ್ತು ಐದು ವರ್ಷದ ಮೊಮ್ಮಗಳು ಇನಾರಿ ಸಾಮಿಯಲ್ಲಿ ಚಟಪಟ ಮಾತಾಡುತ್ತಿದ್ದರೆ, ನಡುವೆ ಕೂತ ನಲವತ್ತರ ಮಗಳಿಗೆ ಎಲ್ಲವೂ ಅರ್ಥವಾಗುತ್ತದೆ, ಬಾಯಿ ಏಳುವುದಿಲ್ಲ. ಅಜ್ಜಿಗೆ ಅವಳು ಫಿನ್ನಿಶ್‌ನಲ್ಲಿ ಉತ್ತರ ಕೊಡುತ್ತಾಳೆ. ಒಮ್ಮೆ ಏನೋ ಹೇಳಹೊರಟಳು. ಕೂಸು ತಟ್ಟನೆ ತಿದ್ದಿತು. ಅವಳು ನಕ್ಕು ಬ್ರೆಡ್ ತರಲು ಎದ್ದುಹೋದಳು, ಬರಲು ಸ್ವಲ್ಪ ಹೊತ್ತು ಹಿಡಿಯಿತು. ಕಳೆದ ಚಳಿಗಾಲದಿಂದ ಅವಳೂ ತರಗತಿಗೆ ಹೋಗುತ್ತಿದ್ದಾಳೆ ಎಂದು ನನ್ನ ಮಗಳು ಫೋನಿನಲ್ಲಿ ಹೇಳಿದಳು.

ನಾನು ಕಲಿತದ್ದು ಹತ್ತಿಪ್ಪತ್ತು ಮಾತು. ‘ತಕ್ಕಾ’ ಎಂದರೆ ಧನ್ಯವಾದ. ‘ಮುನ್’ ನಾನು, ‘ಮಿಯ್’ ನಾವು. ಇವೆರಡರ ನಡುವೆ ‘ಮುವೊಯ್’ ಎಂದು ಒಂದಿದೆ: ನಾವಿಬ್ಬರೇ. ಸಂಸ್ಕೃತದ ದ್ವಿವಚನದಂತೆ. ನಮ್ಮ ಶಬ್ದಮಂಜರಿಯಲ್ಲಿ ಅದನ್ನು ಶಪಿಸುತ್ತ ಬಾಯಿಪಾಠ ಮಾಡಿದ್ದೆವು. ಇಲ್ಲಿ ಬಲೆ ಎಳೆಯಲು ಕರೆಯುವಾಗ ಅಜ್ಜಿಯ ಬಾಯಲ್ಲಿ ಸಲೀಸಾಗಿ ಬರುತ್ತಿತ್ತು. ಹರೆಯದವರಿಗೆ ಏನುಂಟು ಎಂದು ಕೇಳುವಿರಾದರೆ, ಅಮೊಕ್ ಎಂಬ ಗಾಯಕ ಇದೇ ಭಾಷೆಯಲ್ಲಿ ರ‍್ಯಾಪ್ ಹಾಡುತ್ತಾನೆ.

*ಪ್ರಶ್ನೆ: ಸರೋವರದ ನಡುವೆ ದೇವರ ದ್ವೀಪ ಇದೆಯಂತೆ. ಹತ್ತಿದಿರಾ?*

ಇಲ್ಲ, ಹತ್ತಬಾರದು. ಇನಾರಿ ಸಾಮಿಯಲ್ಲಿ ಅದು ಆಯ್ಯಿಹ್, ಫಿನ್ನಿಶ್‌ನಲ್ಲಿ ಉಕೊನ್ಕಿವಿ. ನೀರಿನಿಂದ ಸುಮಾರು 30 ಮೀಟರ್ ಎದ್ದ ಬಂಡೆ. ಮೀನು ಚೆನ್ನಾಗಿ ಸಿಗಲೆಂದು ಹರಕೆ ಸಲ್ಲಿಸುತ್ತಿದ್ದ ಜಾಗ. 1873ರಲ್ಲಿ ಆರ್ಥರ್ ಇವಾನ್ಸ್ ಅಲ್ಲಿಗೆ ಹೋಗಿ ಬೆಳ್ಳಿಯ ಒಡವೆಯ ತುಂಡೊಂದನ್ನು ಹೆಕ್ಕಿ ಒಯ್ದ. ಹೌದು, ಮುಂದೆ ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಕ್ನೊಸೊಸ್ ಎಂಬ ಪುರಾತನ ಅರಮನೆ ಅಗೆಸಿದ ಇಂಗ್ಲಿಷಿನವನೇ. ಒಯ್ದದ್ದು ವಾಪಸು ಬರುವುದೂ ಉಂಟು: 2021ರಲ್ಲಿ ಫಿನ್ಲೆಂಡಿನ ರಾಷ್ಟ್ರೀಯ ಸಂಗ್ರಹಾಲಯ 2,200ಕ್ಕೂ ಹೆಚ್ಚು ಸಾಮಿ ವಸ್ತುಗಳನ್ನು ಇನಾರಿಯ ಸೀಡಾ ಸಂಗ್ರಹಾಲಯಕ್ಕೆ ಹಿಂದಿರುಗಿಸಿತು. ಸಾಮಿಗಳ ಕೋರಿಕೆಯಂತೆ ಪ್ರವಾಸಿ ದೋಣಿಗಳು ಈಗ ದ್ವೀಪವನ್ನು ಸುತ್ತಿ ಬರುತ್ತವೆ, ಯಾರನ್ನೂ ಇಳಿಸುವುದಿಲ್ಲ.

*ಪ್ರಶ್ನೆ: ಒಬ್ಬೊಬ್ಬರ ಹತ್ತಿರ ಎಷ್ಟು ಹಿಮಸಾರಂಗ ಇರುತ್ತವೆ?*

ಕೇಳಿ ಬೈಸಿಕೊಂಡೆ. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದಂತೆ ಅದು.

*ಪ್ರಶ್ನೆ: ಮಂಜುಗಡ್ಡೆ ಒಡೆಯುವುದನ್ನು ಕಣ್ಣಾರೆ ನೋಡಿದಿರಾ? ದೊಡ್ಡ ಸದ್ದಾಗುತ್ತದೆಯೆ?*

ದಡದ್ದು ನೋಡಿದೆ, ಅದೂ ಬೇರೆ ಕಾರಣಕ್ಕೆ. ಈ ಸರೋವರ ಪಾಟ್ಸ್ ನದಿಯಾಗಿ ಹೊರಟು ರಷ್ಯಾ, ನಾರ್ವೆ ದಾಟಿ ಬ್ಯಾರೆಂಟ್ಸ್ ಸಮುದ್ರ ಸೇರುತ್ತದೆ. ನದಿಯ ಮೇಲೆ ಏಳು ವಿದ್ಯುದಾಗಾರಗಳು: ರಷ್ಯಾದ್ದು ಐದು, ನಾರ್ವೆಯದು ಎರಡು. ಫಿನ್ಲೆಂಡಿನದು ಒಂದೂ ಇಲ್ಲ. ನದಿಮೊದಲಿನ ತುಂಡು ನೆಲವನ್ನು 1947ರಲ್ಲೇ ಸೋವಿಯತ್ತಿಗೆ ಮಾರಿದ್ದರು. 1959ರಲ್ಲಿ ಮೂರೂ ದೇಶ ನೀರಿನ ಮಟ್ಟದ ಬಗ್ಗೆ ಒಪ್ಪಂದ ಮಾಡಿಕೊಂಡವು. ಒಟ್ಟಿನಲ್ಲಿ ಕೆರೆ ಇಲ್ಲಿ, ತೂಬಿನ ಕೀಲಿ ಅಲ್ಲಿ. ಚಳಿಗಾಲದುದ್ದಕ್ಕೂ ನೀರು ಬಿಡುವುದರಿಂದ ಮಟ್ಟ ಇಳಿದು, ದಡದ ಮಂಜುಗಡ್ಡೆ ಆಸರೆ ತಪ್ಪಿ ಬಂಡೆಗಳ ಮೇಲೆ ಬಾಗಿ ಬಿರಿಯುತ್ತದೆ. ರಾತ್ರಿ ಸದ್ದಿಗೆ ನಾನು ಎರಡು ಸಲ ಎದ್ದು ಕೂತಿದ್ದೆ. ಶರತ್ಕಾಲದಲ್ಲಿ ತೆಳುನೀರಿನಲ್ಲಿ ಮೀನು ಇಟ್ಟ ಮೊಟ್ಟೆಗಳಿಗೂ ಇದರಿಂದ ಕೇಡು. ಅದಕ್ಕೆ ಪರಿಹಾರವೆಂದು ಮರಿ ಸಾಕಿ ತಂದು ಬಿಡುತ್ತಾರೆ. ಬಿಟ್ಟ ಮೀನಿಗೂ ಹುಟ್ಟಿದ ಮೀನಿಗೂ ರುಚಿಯಲ್ಲಿ ವ್ಯತ್ಯಾಸ ಇದೆ ಎಂದು ಅಜ್ಜಿಯ ವಾದ. ನನ್ನ ಅಭಿಪ್ರಾಯ ಕೇಳಿ ಫಲವಿಲ್ಲ.

ನಡುಸರೋವರದ ಗಡ್ಡೆ ಒಡೆದದ್ದನ್ನು ನೋಡಲಿಲ್ಲ. ಜೂನ್ 5ಕ್ಕೆ ನಾನು ಹೊರಡುವಾಗ ದಡದಲ್ಲಿ ದೋಣಿ ತಿರುಗುವಷ್ಟು ನೀರು, ಆಚೆಗೆ ಬೂದು ಬಣ್ಣದ ಗಡ್ಡೆ ಹಾಗೇ ಇತ್ತು. ರಾತ್ರಿ ಹನ್ನೊಂದಕ್ಕೆ ಬಿಸಿಲು. ಅಜ್ಜಿ ದೋಣಿಯ ಬಿರುಕಿಗೆ ಟಾರು ಬಳಿಯುತ್ತಿದ್ದರು, ಕೈ ಕೊಳೆಯಾಗಿದೆ ಎಂದು ಮೊಣಕೈ ಮುಂದೆ ಚಾಚಿದರು. ನಾನು ಮೊಣಕೈಯನ್ನೇ ಕುಲುಕಿ ‘ತಕ್ಕಾ’ ಎಂದೆ.