ಸರಾಸರಿ ಫ್ಯಾಟ್ ತಾಳೆಯಾಗದಿದ್ದರೆ

ಪ್ರಶ್ನೆ: ನಮ್ಮ ಡೇರಿಯ ಲೆಕ್ಕ ಎಕ್ಸೆಲ್‌ನಲ್ಲಿದೆ: ದಿನಾಂಕ, ಹೊತ್ತು, ಊರು, ಲೀಟರ್, ಫ್ಯಾಟ್ (ಹಾಲಿನ ಕೊಬ್ಬಿನ ಶೇಕಡಾ ಪ್ರಮಾಣ). ವಾರ್ಷಿಕ ವರದಿಗೆ ಊರುವಾರು, ತಿಂಗಳುವಾರು ಪಿವೋಟ್ ಟೇಬಲ್ (ನಮೂದುಗಳನ್ನು ಗುಂಪು ಮಾಡಿ ಒಟ್ಟು ತೋರಿಸುವ ಕೋಷ್ಟಕ) ಮಾಡಿದರೆ ಲೀಟರ್ ಜಾಗದಲ್ಲಿ 60, 62 ಎಂದು ಬರುತ್ತದೆ. ಸರಾಸರಿ ಫ್ಯಾಟ್ ಕೂಡ ಕೈಲೆಕ್ಕಕ್ಕೆ ತಾಳೆಯಾಗುತ್ತಿಲ್ಲ.

ಉತ್ತರ: 60 ಎಂದರೆ 30 ದಿನ, ಎರಡು ಹೊತ್ತು. ಎಕ್ಸೆಲ್ ಲೀಟರ್ ಕೂಡಿಸಿಲ್ಲ, ನಮೂದುಗಳನ್ನು ಎಣಿಸಿದೆ. ಲೀಟರ್ ಕಾಲಂನಲ್ಲಿ ಎಲ್ಲೋ ಒಂದು ಕಡೆ ‘112 ಲೀ’ ಎಂದು ಅಕ್ಷರ ಸೇರಿದ್ದರೂ ಅದು ಸಮ್ ಬಿಟ್ಟು ಕೌಂಟ್ ಹಿಡಿಯುತ್ತದೆ. ಸುಮ್ಮನೆ ಸಮ್‌ಗೆ ಬದಲಿಸಿದರೆ ಆ 112 ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಮೊದಲು ಅಕ್ಷರ ಅಳಿಸಿ, ಆಮೇಲೆ ಬದಲಿಸಿ.

ಫ್ಯಾಟ್‌ನದು ಬೇರೆ ಕಥೆ. ಬೆಳಿಗ್ಗೆ 100 ಲೀಟರ್ 3.5, ಸಂಜೆ 20 ಲೀಟರ್ 4.5 ಎನ್ನಿ. ಆ್ಯವರೇಜ್ ಕೇಳಿದರೆ 4.0 ಬರುತ್ತದೆ, ಅದು 20 ಲೀಟರಿಗೂ 100 ಲೀಟರಿಗೂ ಒಂದೇ ತೂಕ ಕೊಡುತ್ತದೆ. ನಿಜವಾದದ್ದು (350+90)÷120, ಅಂದರೆ 3.67. ಮೂಲ ಹಾಳೆಯಲ್ಲೇ ಲೀಟರ್, ಫ್ಯಾಟ್ ಕಾಲಂಗಳ ನಡುವೆ ‘ಗುಣಲಬ್ಧ’ ಎಂಬ ಕಾಲಂ ಸೇರಿಸಿ ಪ್ರತಿ ಸಾಲಿಗೂ ಲೀಟರ್ × ಫ್ಯಾಟ್ ಹಾಕಿ. ಪಿವೋಟ್ ರಿಫ್ರೆಶ್ ಮಾಡಿ, ಅದರೊಳಗೇ ಸೂತ್ರ ಬರೆಯುವ ಕ್ಯಾಲ್ಕುಲೇಟೆಡ್ ಫೀಲ್ಡ್‌ನಲ್ಲಿ ಗುಣಲಬ್ಧ ÷ ಲೀಟರ್ ಕೊಡಿ. ಗುಣಾಕಾರವನ್ನೂ ಅಲ್ಲೇ ಮುಗಿಸುವ ಆಸೆ ಬೇಡ: ಆ ಫೀಲ್ಡ್ ಮೊದಲು ಒಟ್ಟು ಕೂಡಿಸಿ ಆಮೇಲೆ ಗುಣಿಸುತ್ತದೆ, ಉತ್ತರ ಎಲ್ಲಿಗೋ ಹೋಗುತ್ತದೆ.

ತಿಂಗಳಿಗೆ ಗ್ರೂಪ್ ಮಾಡುವಾಗ ಮಂತ್ಸ್ ಜೊತೆ ಇಯರ್ಸ್ ಕೂಡ ಆರಿಸಿ. ಇಲ್ಲದಿದ್ದರೆ ಏಪ್ರಿಲ್‌ನಿಂದ ಶುರುವಾಗಬೇಕಾದ ನಿಮ್ಮ ವರ್ಷ ಜನವರಿಯಿಂದ ಶುರುವಾಗುತ್ತದೆ.

ಪ್ರಶ್ನೆ: ಒಂದೇ ಊರು ಕೋಷ್ಟಕದಲ್ಲಿ ಎರಡು ಸಲ ಬರುತ್ತಿದೆ. ಎರಡೂ ಹೆಸರು ಕಣ್ಣಿಗೆ ಒಂದೇ ಥರ ಕಾಣುತ್ತವೆ.

ಉತ್ತರ: ಹೆಸರಿನ ಕೊನೆಯಲ್ಲಿ ಸ್ಪೇಸ್ ಉಳಿದಿರಬಹುದು, ಟ್ರಿಮ್ ಸೂತ್ರ ಅದನ್ನು ತೆಗೆಯುತ್ತದೆ. ಆದರೆ ಕನ್ನಡದಲ್ಲಿ ಟೈಪ್ ಮಾಡುವವರ ಹಳೆಯ ಕಾಟ ಇನ್ನೊಂದಿದೆ: ಅನುಸ್ವಾರ ‘ಂ’ ಬದಲು ಅಂಕಿಯ ಸೊನ್ನೆ ‘೦’ ಒತ್ತುವುದು. ‘ಸಂಪಿಗೆಹಳ್ಳಿ’, ‘ಸ೦ಪಿಗೆಹಳ್ಳಿ’ ನಮಗೆ ಒಂದೇ, ಎಕ್ಸೆಲ್‌ಗೆ ಎರಡು ಊರು. ಅಕ್ಷರ ಎಣಿಸಿ ನೋಡಿದರೂ ಸಿಗದು, ಎಣಿಕೆ ಎರಡರಲ್ಲೂ ಅಷ್ಟೇ. ಊರಿನ ಕಾಲಂ ಮಾತ್ರ ಆರಿಸಿ, ಕಂಟ್ರೋಲ್ + ಎಚ್ ಒತ್ತಿ ‘೦’ ಬದಲಿಗೆ ‘ಂ’ ತುಂಬಿ. ಇಡೀ ಹಾಳೆಗೆ ಹಾಕಿದಿರೋ, ಕನ್ನಡ ಅಂಕಿಯಲ್ಲಿ ಬರೆದ ಮೊತ್ತಗಳೂ ಕೆಡುತ್ತವೆ. ಬಳಿಕ ಪಿವೋಟ್ ಮೇಲೆ ಆಲ್ಟ್ + ಎಫ್5 ಒತ್ತಿ ರಿಫ್ರೆಶ್ ಮಾಡಿ. ಮೂಲ ಹಾಳೆ ತಿದ್ದಿದ್ದು ತನ್ನಷ್ಟಕ್ಕೆ ಅಲ್ಲಿಗೆ ಬರುವುದಿಲ್ಲ.