ಅರ್ಥಶಾಸ್ತ್ರದಲ್ಲಿ ಸಂಖ್ಯಾಶಾಸ್ತ್ರ: ನಿಮ್ಮ ಲೇಖನದ ಕುರಿತು

ಮಾನ್ಯರೇ,

‘ಸಂಖ್ಯಾಶಾಸ್ತ್ರದ ಮೂಲಪಾಠಗಳು ಮತ್ತು ಅರ್ಥಶಾಸ್ತ್ರದಲ್ಲಿ ಅದರ ಪಾತ್ರ’ ಎಂಬ ನಿಮ್ಮ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಭಾಷೆ ಶುದ್ಧವಾಗಿದೆ, ವ್ಯಾಖ್ಯೆಗಳಲ್ಲಿ ತಪ್ಪಿಲ್ಲ. ಆದರೆ ಸರಾಸರಿ, ಮಧ್ಯಾಂಕ, ಬಹುಲಕ, ಪ್ರಮಾಣಿತ ವಿಚಲನೆ, ಸೂಚ್ಯಂಕ ಎಂದು ಒಂದರ ಹಿಂದೊಂದು ವ್ಯಾಖ್ಯೆ ಬರುತ್ತದೆಯೇ ಹೊರತು, ಯಾವ ಪ್ರಶ್ನೆಗೆ ಯಾವ ಅಳತೆ ಬೇಕು ಎಂಬ ಮಾತು ಎಲ್ಲಿಯೂ ಬರುವುದಿಲ್ಲ. ಪಿಯುಸಿ ಪಠ್ಯಪುಸ್ತಕ ಓದಿದವರಿಗೆ ಇದರಲ್ಲಿ ಹೊಸದೇನೂ ಸಿಗದು.

ಐದು ಕುಟುಂಬಗಳ ಹಿಡುವಳಿಯ ನಿಮ್ಮ ಉದಾಹರಣೆಯನ್ನೇ ನೋಡಿ. ನಾಲ್ವರಿಗೆ ತಲಾ 2 ಎಕರೆ, ಒಬ್ಬರಿಗೆ 42 ಎಕರೆ. ಸರಾಸರಿ 10 ಎಕರೆ ಎಂದು ಲೆಕ್ಕ ಹಾಕಿ ಮುಂದೆ ಹೋಗಿದ್ದೀರಿ. ಆ ಐವರಲ್ಲಿ 10 ಎಕರೆಯವರು ಒಬ್ಬರೂ ಇಲ್ಲ. ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಅಂಕಿ, 2 ಎಕರೆ ಎಂದು ಪಕ್ಕದಲ್ಲೇ ಬರೆದಿದ್ದರೆ, ಸರಾಸರಿಯನ್ನು ನಂಬಿ ರೂಪಿಸಿದ ಸಾಲ ಯೋಜನೆ ಯಾರನ್ನು ಕೈಬಿಡುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತಿತ್ತು.

ನೀವು ಚಳ್ಳಕೆರೆಯವರು. ಶೇಂಗಾ ಬೆಳೆಯುವ ತಾಲ್ಲೂಕಿನಲ್ಲಿದ್ದೂ ಬೆಳೆ ವಿಮೆಯ ಬಗ್ಗೆ ಒಂದು ಸಾಲೂ ಬರೆಯದಿರುವುದು ನನಗೆ ನಿಜಕ್ಕೂ ಬೇಸರ ತಂದಿತು, ಏಕೆಂದರೆ ನಿಮ್ಮ ಇಡೀ ವಿಷಯ ಅಲ್ಲಿಯೇ ಇದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟದ ಪರಿಹಾರವನ್ನು ಒಬ್ಬೊಬ್ಬ ರೈತನ ಹೊಲ ನೋಡಿ ತೀರ್ಮಾನಿಸುವುದಿಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ. ಅದರೊಳಗೆ ಸರ್ವೆ ನಂಬರುಗಳನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸುತ್ತಾರೆ; ಆರಿಸಿದ ಹೊಲದಲ್ಲಿ ಅಳತೆಯ ತಾಕು ಎಲ್ಲಿ ಬೀಳಬೇಕೆಂಬುದನ್ನೂ ಯಾದೃಚ್ಛಿಕ ಸಂಖ್ಯೆಯೇ ನಿರ್ಧರಿಸುತ್ತದೆ; ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಗುರುತಿಸಿ, ಅಷ್ಟರೊಳಗಿನ ಗಿಡಗಳನ್ನು ಕಿತ್ತು, ಕಾಯಿ ಬಿಡಿಸಿ ತೂಗುತ್ತಾರೆ. ಇದೇ ಬೆಳೆ ಕಟಾವು ಪ್ರಯೋಗ; ಈ ತೂಕಗಳಿಂದಲೇ ಪಂಚಾಯಿತಿಯ ಸರಾಸರಿ ಇಳುವರಿ ಲೆಕ್ಕವಾಗುತ್ತದೆ. ಹಸಿರಾಗಿ ಕಾಣುವ ಮೂಲೆಯನ್ನೋ ಒಣಗಿದ ಮೂಲೆಯನ್ನೋ ಯಾರಾದರೂ ಕಣ್ಣಳತೆಯಲ್ಲಿ ಆರಿಸಿದರೆ ಇಡೀ ಪಂಚಾಯಿತಿಯ ಲೆಕ್ಕವೇ ಕೆಡುತ್ತದೆ. ಹಿಂದಿನ 7 ವರ್ಷಗಳ ಪೈಕಿ ಉತ್ತಮವಾದ 5 ವರ್ಷಗಳ ಸರಾಸರಿಯನ್ನು ನಿಗದಿತ ಪರಿಹಾರ ಮಟ್ಟದಿಂದ, ಅಂದರೆ ಯೋಜನೆ ಖಾತರಿ ಕೊಡುವ ಶೇಕಡಾವಾರು ಪಾಲಿನಿಂದ, ಗುಣಿಸಿದಾಗ ಬರುವ ಇಳುವರಿಗಿಂತ ಈ ವರ್ಷದ್ದು ಕಡಿಮೆಯಿದ್ದರೆ ಮಾತ್ರ ಈ ಬಾಬ್ತಿನಲ್ಲಿ ಹಣ ಬರುತ್ತದೆ. ತನ್ನ ಹೊಲ ಪೂರ್ತಿ ಒಣಗಿದ್ದರೂ ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದರೆ ರೈತನ ಕೈಗೆ ಏನೂ ಸಿಗದೆ ಹೋಗಬಹುದು. ಅಂಕಿಗಳು ಸರಾಸರಿಯಿಂದ ಎಷ್ಟು ದೂರ ಚದುರಿವೆ ಎಂದು ಹೇಳುವ, ನೀವು ಒಂದು ಸೂತ್ರದಲ್ಲಿ ಮುಗಿಸಿರುವ ವಿಚಲನೆಯನ್ನು ಓದುಗರಿಗೆ ಮನದಟ್ಟು ಮಾಡಿಸಲು ಇದಕ್ಕಿಂತ ಹತ್ತಿರದ ಸಂಗತಿ ನಮ್ಮ ಜಿಲ್ಲೆಗಳಲ್ಲಿ ಇಲ್ಲ.

ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಅವರ ಬಗ್ಗೆ ಒಂದು ಪುಟ ಬರೆದಿದ್ದೀರಿ. 1931ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಸ್ಥಾಪಿಸಿದ್ದನ್ನು ಹೇಳಿ, ಬಂಗಾಳದಲ್ಲಿ ಸೆಣಬಿನ ಬೆಳೆಯನ್ನು ಅವರು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡಿದ್ದನ್ನು ಬಿಟ್ಟಿದ್ದೀರಿ. ವಿಮೆಯ ತಾಕಿಗೆ ಸಂಬಂಧಿಸಿದ್ದು ಆ ಕೆಲಸ. ಅದನ್ನು ಸೇರಿಸಿ, ಪ್ರಶಸ್ತಿಗಳ ಪಟ್ಟಿಯನ್ನು ತೆಗೆಯಿರಿ.

ಇನ್ನೊಂದು ದೋಷ ಗಂಭೀರವಾದದ್ದು. ಮಳೆ ಕಡಿಮೆಯಾದ ವರ್ಷ ದಾವಣಗೆರೆ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ದರ ಏರಿತು, ಆದ್ದರಿಂದ ಮಳೆಯೇ ಕಾರಣ ಎಂದಿದ್ದೀರಿ. ಕೋಳಿ ಆಹಾರ, ಪಿಷ್ಟ, ಎಥೆನಾಲ್ ತಯಾರಕರ ಬೇಡಿಕೆಯೂ ಆ ದರವನ್ನು ಎಳೆಯುತ್ತದೆ. ಎರಡು ಸಂಗತಿಗಳು ಜೊತೆಜೊತೆಯಾಗಿ ಬದಲಾಗುವ ಸಹಸಂಬಂಧ ಕಂಡ ಮಾತ್ರಕ್ಕೆ ಕಾರಣ ಸಿದ್ಧವಾಗುವುದಿಲ್ಲ ಎಂಬುದನ್ನು ನಿಮ್ಮ ಲೇಖನವೇ ಕಲಿಸಬೇಕಾಗಿತ್ತು.

ವ್ಯಾಖ್ಯೆಗಳನ್ನು ಮೂರಕ್ಕೆ ಇಳಿಸಿ, ನಿಮ್ಮ ಪಂಚಾಯಿತಿಯ ಶೇಂಗಾ ಇಳುವರಿಯ ಅಂಕಿಗಳನ್ನು ಕೃಷಿ ಇಲಾಖೆಯಿಂದ ಪಡೆದು, ವರ್ಷ ಮತ್ತು ಮೂಲವನ್ನು ನಮೂದಿಸಿ ಮತ್ತೆ ಬರೆಯಿರಿ. ಸಾಧ್ಯವಾದರೆ ಬೆಳೆ ಕಟಾವು ಪ್ರಯೋಗ ನಡೆಯುವ ದಿನ ಹೊಲದಲ್ಲಿ ನಿಂತು ನೋಡಿ ಬನ್ನಿ. ಆ ಲೇಖನವನ್ನು ಓದಲು ನಾನು ಕಾಯುತ್ತೇನೆ.

ಸಂಪಾದಕ, ದಾವಣಗೆರೆ